ಆರಿಸಬಾರದ ಹಸಿರು ದೀಪ

"ಕೇಳ್ರಪ್ಪೋ ಕೇಳಿ! ಹೊಳಲುಕೋಟೆಯ ದೊರೆ ದುಗ್ಗಭೂಪರ ಅಪ್ಪಣೆ! ಕಣಜದ ಯಂತ್ರ ನಿಂತು ಒಂಬತ್ತು ದಿನವಾಯಿತು. ದೊರೆಗಳ ಮೂರು ಒಗಟು ಬಿಡಿಸಿ ಯಂತ್ರ ನಡೆಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ನಾಳೆ ಕಸಗುಡಿಸುವ ದ್ಯಾವಮ್ಮನ ತಲೆಯ ಜೊತೆಗೇ ಉರುಳುತ್ತದೆ!"

ಡಂಗುರದವನ ಮಾತಿಗೆ ಊರು ನಡುಗಿತು. ನಡುಗುವುದಕ್ಕೂ ಶಕ್ತಿ ಬೇಕಲ್ಲ, ಅದೂ ಕಡಿಮೆಯಿತ್ತು.

ಆ ಯಂತ್ರ ಕರೆಂಟಿನದು. ಹೆಬ್ಬೆಟ್ಟು ಒತ್ತಿದರೆ ಯಾರೆಂದು ಗುರುತು ಹಿಡಿದು ಮನೆಗಿಷ್ಟು ಎಂದು ಅಕ್ಕಿ ಸುರಿಸುತ್ತಿತ್ತು. ನೆತ್ತಿಯ ಮೇಲೆ, ಅದು ನಡೆಯುವಷ್ಟು ಹೊತ್ತೂ ಉರಿಯುವ ಒಂದು ಹಸಿರು ದೀಪ. ದೊರೆ ಮೊದಲ ದಿನವೇ ಅದಕ್ಕೆ ಕುಂಕುಮ ಹಚ್ಚಿ, "ಇದು ನಮ್ಮ ವಂಶದ ನಂದಾದೀಪ, ಎಂದೂ ಆರಿಸಕೂಡದು" ಎಂದು ಕಟ್ಟಳೆ ಮಾಡಿದ್ದ. ಯಂತ್ರ ಏಳು ವರ್ಷ ಕಣ್ಣು ಮುಚ್ಚಲಿಲ್ಲ. ಆಮೇಲೊಂದು ದಿನ ಅದರ ಮುಖದ ಮೇಲೆ ಬಿಳಿ ಉಂಗುರವೊಂದು ಸುತ್ತತೊಡಗಿತು, ಸುತ್ತುತ್ತಲೇ ಇತ್ತು. ಅಕ್ಕಿ ಬರಲಿಲ್ಲ.

ಯಂತ್ರದ ಕೋಣೆ ಗುಡಿಸುವ ದ್ಯಾವಮ್ಮ ಆಗಲೇ ಹೇಳಿದ್ದಳು: "ಒಂದ್ಸಲ ಆರಿಸಿ ಹಚ್ಚಿ ಬುದ್ಧಿ. ಇದನ್ನ ಕೂರಿಸಿದ ಮೇಸ್ತ್ರಿ ಹಂಗೇ ಮಾಡಿದ್ದು ನಾನು ಕಂಡಿವ್ನಿ." ಅಪಶಕುನದ ಮಾತಾಡಿದಳೆಂದು ಅವಳನ್ನು ಸೆರೆಗೆ ತಳ್ಳಿದರು. ಹೇಳಿದ ತಪ್ಪಿಗೆ ತಲೆದಂಡ! ಕತೆ ಹೇಳುವ ನನಗೇ ಮೈ ಉರಿಯುತ್ತದೆ.

ಯಂತ್ರದ ಕೋಣೆಯಲ್ಲೇ ಸಭೆ ಸೇರಿತು. ಒಗಟು ಬಿಡಿಸಲು ಮೊದಲು ಬಂದವನು ಪಕ್ಕದ ನಾಡಿನ ರಾಜಕುಮಾರ ಪುಷ್ಪಸೇನ. ದೊರೆ ಕೇಳಿದ: "ಕಾಲು ಮುರಿದಿಲ್ಲ, ಹಸಿವಿಲ್ಲ, ನಿದ್ದೆಯೂ ಬಂದಿಲ್ಲ. ಆದರೂ ಒಂದು ಹೆಜ್ಜೆ ಮುಂದಿಡಲಾರ. ಅವನನ್ನು ತಡೆದದ್ದೇನು?"

"ದೆವ್ವ," ಎಂದ ರಾಜಕುಮಾರ. ಅವನನ್ನು ಎಳೆದೊಯ್ದರು.

ಏಳು ಶಾಲು ಹೊದ್ದ ಭುಜಂಗಾಚಾರ್ಯರು ಬಂದು ಅದೇ ಒಗಟಿಗೆ ಅರ್ಧ ದಿನ ಕವಡೆ ಹಾಕಿ, "ಶನಿದೃಷ್ಟಿ. ಯಂತ್ರಕ್ಕೆ ನೂರೆಂಟು ಕೊಡ ಹಾಲಿನ ಅಭಿಷೇಕವಾಗಬೇಕು" ಎಂದರು. ಹೊರಗೆ ಕೂಸುಗಳಿಗೆ ಗಂಜಿಯಿಲ್ಲ, ಇವರು ಕಬ್ಬಿಣಕ್ಕೆ ಹಾಲೆರೆಯಲು ಹೊರಟಿದ್ದರು! ಅವರನ್ನೂ ಎಳೆದೊಯ್ದರು.

ಆಗ ಕೈತುಂಬ ಬೂದಿ ಮೆತ್ತಿಕೊಂಡೇ ಒಬ್ಬ ಬಂದ. ಅರಮನೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಬೋರಲಿಂಗ, ದ್ಯಾವಮ್ಮನ ತಮ್ಮ. ಸಭೆ ಮೂಗು ಮುಚ್ಚಿಕೊಂಡಿತು.

"ತಡೆದದ್ದು ಅವನ ಕೈಲಿರೋದೇ ಬುದ್ಧಿ," ಎಂದ ಬೋರಲಿಂಗ. "ನೂರು ಎಲೆ ಊಟದ ದಿನ ಅಡುಗೆ ಕಟ್ಟೆ ನೋಡಿದ್ದೀರಾ? ಮುಗಿದ ಕೆಲಸದ ಪಾತ್ರೆ, ಸಿಪ್ಪೆ, ಸೌಟು, ಎಲ್ಲಾ ಅಲ್ಲೇ. ಕೊನೆಗೆ ಒಂದು ತಟ್ಟೆ ಇಡಕ್ಕೂ ಜಾಗ ಇರಲ್ಲ. ಒಬ್ಬ ಭಟ್ಟ ಸೌಟು ಹಿಡಿದು ಬಾಣಲೆ ಬರಲಿ ಅಂತಾನೆ, ಇನ್ನೊಬ್ಬ ಬಾಣಲೆ ಹಿಡಿದು ಸೌಟು ಬರಲಿ ಅಂತಾನೆ. ಇಬ್ಬರೂ ಗಟ್ಟಿಮುಟ್ಟಾಗೇ ಇದ್ದಾರೆ. ಅಡುಗೆ ಮಾತ್ರ ಆಗಲ್ಲ. ಯಂತ್ರದ ಒಳಗೂ ಅಂಥದೇ ಒಂದು ಕಟ್ಟೆ ಇದೆ ಅಂತ ಮೇಸ್ತ್ರಿ ನಮ್ಮಕ್ಕನಿಗೆ ಹೇಳಿದ್ದನಂತೆ. ಏಳು ವರ್ಷದಿಂದ ಅದನ್ನ ಯಾರೂ ತೊಳೆದಿಲ್ಲ."

ದೊರೆ ಮೀಸೆ ತಿರುವಿದ. "ಎಲ್ಲವನ್ನೂ ಅಳಿಸಿದರೂ ಕೂಡಿಟ್ಟದ್ದು ಕಳೆಯುವುದಿಲ್ಲ. ಅದು ಎಲ್ಲಿ?"

"ಅದೂ ಅಡುಗೆಮನೇಲೇ ಬುದ್ಧಿ. ಕಟ್ಟೆ ತೊಳೆದರೆ ಉಗ್ರಾಣದ ಅಕ್ಕಿ ಹೋಗುತ್ತಾ? ಒಲೆ ಮೇಲೆ ಅರೆಬೆಂದದ್ದು ಹೋಗುತ್ತೆ, ಅಷ್ಟೇ. ಊರಿನವರ ಹೆಸರು, ಹೆಬ್ಬೆಟ್ಟು ಎಲ್ಲಾ ಯಂತ್ರದ ಉಗ್ರಾಣದಲ್ಲಿ ಭದ್ರವಾಗಿದೆ. ಆರಿಸಿದರೆ ಕಟ್ಟೆ ಖಾಲಿ. ಹಚ್ಚಿದರೆ ಮೊದಲ ದಿನದ ಹಾಗೆ ಒಂದೊಂದಾಗಿ ಜೋಡಿಸಿಕೊಂಡು ಕೆಲಸ ಶುರು ಮಾಡುತ್ತೆ."

"ಮಾಡಿ ತೋರಿಸು. ಕೆಟ್ಟರೆ ನಿನ್ನ ತಲೆ."

ಬೋರಲಿಂಗ ಪಂಚೆಗೆ ಕೈ ಒರೆಸಿಕೊಂಡು ಯಂತ್ರದ ಗುಂಡಿ ಒತ್ತಿದ. ಹಸಿರು ದೀಪ ಆರಿತು. ಮಂತ್ರಿ ಕಿವಿ ಮುಚ್ಚಿಕೊಂಡ. ಬೋರಲಿಂಗ ಒಂದರಿಂದ ಹತ್ತು ಎಣಿಸಿ ಮತ್ತೆ ಒತ್ತಿದ. ಯಂತ್ರ ಗುಂಯ್‌ ಎಂದಿತು. ದೀಪ ಹತ್ತಿತು. ಉಂಗುರ ಎರಡು ಸುತ್ತು ಸುತ್ತಿ ಮಾಯವಾಯಿತು. ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದ ಮುದುಕಿಯೊಬ್ಬಳು ಬಂದು ಹೆಬ್ಬೆಟ್ಟು ಒತ್ತಿದಳು. ಸರಸರನೆ ಅಕ್ಕಿ ಸುರಿಯಿತು. ಮುದುಕಿ ಒಂದು ಹಿಡಿ ಅಲ್ಲೇ ಬಾಯಿಗೆ ಹಾಕಿಕೊಂಡಳು.

ದೊರೆಯ ಮುಖ ಕಪ್ಪಿಟ್ಟಿತು. ಉಳಿದದ್ದು ಒಂದೇ ಒಗಟು. "ಮುರಿದವರಿಲ್ಲ, ಕದ್ದವರಿಲ್ಲ, ಆದರೂ ಕೆಟ್ಟಿತು. ತಪ್ಪು ಯಾರದು?"

ಮಂತ್ರಿ ಬಗ್ಗಿ ಬೋರಲಿಂಗನ ಕಿವಿಯಲ್ಲಿ, "ಹಣೆಬರಹದ್ದು ಅನ್ನು, ಬದುಕಿಕೋ" ಎಂದ.

ಬೋರಲಿಂಗನಿಗೆ ಸಿಟ್ಟು ನೆತ್ತಿಗೇರಿತು. "ನಿಮ್ಮದು ಬುದ್ಧಿ! ಕಸ ಸೇರೋದು ಯಂತ್ರದ ಸ್ವಭಾವ. ತೊಳೀಬಾರದು ಅಂತ ಕಟ್ಟಳೆ ಮಾಡಿದ್ದು ನೀವು. ತೊಳೀರಿ ಅಂದವಳನ್ನ ಸೆರೆಗೆ ಹಾಕಿದ್ದೂ ನೀವು. ಕತ್ತರಿಸೋದಾದರೆ ಕತ್ತರಿಸಿ, ಉತ್ತರ ಬದಲಾಗಲ್ಲ."

ದೊರೆಗೆ ನಾಚಿಕೆಯಾಯಿತೆಂದು ಹೇಳಲು ನನಗೂ ಆಸೆ. ಆದರೆ ಆದದ್ದು ಹೆದರಿಕೆ. ಬಾಗಿಲ ತುಂಬ ಚೀಲ ಹಿಡಿದ ಜನ ನಿಂತು ಎಲ್ಲವನ್ನೂ ಕೇಳುತ್ತಿದ್ದರು. "ಸರಿಯುತ್ತರ," ಎಂದು ಗೊಣಗಿದ. "ಏನು ಬೇಕು ಕೇಳು."

"ಸೆರೆಯಲ್ಲಿರೋರನ್ನೆಲ್ಲ ಬಿಡಿ. ಈ ಗುಂಡಿಯ ಅಧಿಕಾರ ನಮ್ಮಕ್ಕನಿಗೆ ಕೊಡಿ. ವಾರಕ್ಕೊಂದು ಸಲ ಅವಳು ಆರಿಸಿ ಹಚ್ಚಲಿ, ಯಾರೂ ತಡೀಬಾರದು."

ದೊರೆ ತಲೆಯಾಡಿಸಿದ. ರಾಜಕುಮಾರನೂ ಆಚಾರ್ಯರೂ ಹೊರಬಂದವರೇ ಹಿಂದೆ ನೋಡದೆ ಓಡಿದರು. ದ್ಯಾವಮ್ಮ ನಿಧಾನವಾಗಿ ಬಂದಳು. ಸೆರಗಿನಿಂದ ಯಂತ್ರದ ಮೇಲಿನ ಒಂಬತ್ತು ದಿನದ ಧೂಳು ಒರೆಸಿದಳು. ತಮ್ಮನ ತಲೆ ಸವರಿದಳು. ಆಮೇಲೆ ದೊರೆಯ ಕಡೆ ತಿರುಗಿದಳು.

"ಒಂದೇ ಮಾತು ಹೇಳಿದ್ದೆ ಬುದ್ಧಿ. ಅದನ್ನ ಕೇಳಿಸ್ಕೊಳ್ಳಕ್ಕೆ ಒಂಬತ್ತು ದಿನ ಯಾಕೆ ಬೇಕಾಯ್ತು?"

ಮೂರು ಒಗಟು ಕಟ್ಟಿದ್ದ ದೊರೆ ಈ ನಾಲ್ಕನೆಯದಕ್ಕೆ ಇವತ್ತಿಗೂ ಉತ್ತರ ಕೊಟ್ಟಿಲ್ಲ.