ಸೊಪ್ಪಿನ ಗಾಡಿಯೂ ಎದುರುಗಾಳಿಯೂ

“ಬುದ್ಧಿ, ಆ ಗುರುಪಾದನನ್ನು ಪಾಠದಲ್ಲಿ ನನ್ನ ಪಕ್ಕದಿಂದ ಎಬ್ಬಿಸಿಬಿಡಿ,” ಎಂದು ಶಿಷ್ಯ ಚೆನ್ನವೀರನು ಮಠದ ಸ್ವಾಮಿಗಳನ್ನು ಬೇಡಿಕೊಂಡ. “ನಾನು ಏನು ಹೇಳಿದರೂ ಎದುರಾಡುತ್ತಾನೆ. ಎದುರಾಡುವವರೇ ಇಲ್ಲದಿದ್ದರೆ ನನ್ನ ಓದು ಬೇಗ ಸಾಗುವುದಿಲ್ಲವೇ?”

ಸ್ವಾಮಿಗಳು ಒಂದು ಕತೆ ಹೇಳಿದರು.

ಒಬ್ಬ ಸೊಪ್ಪಿನ ವ್ಯಾಪಾರಿಯಿದ್ದ. ಅವನದೊಂದು ಪಿಕಪ್ ಗಾಡಿ. ದಿನಾ ಕೊತ್ತಂಬರಿ, ಮೆಂತ್ಯ, ಪಾಲಕ್ಕಿಗೆ ನೀರು ಚಿಮುಕಿಸಿ, ತೆರೆದ ಗಾಡಿಯಲ್ಲಿ ಒಟ್ಟಿಕೊಂಡು, ಬಟಾಬಯಲಿನ ರಸ್ತೆಯಲ್ಲಿ ಪೇಟೆಗೆ ಹೊರಡುತ್ತಿದ್ದ. ಎದುರುಗಾಳಿ ಎಂದರೆ ಎಂಥ ಗಾಳಿ! ಗಾಡಿ ಮುಂದಕ್ಕೆ ಹೋಗುತ್ತಿದೆಯೋ ಹಿಂದಕ್ಕೋ ಎಂದು ಅವನಿಗೇ ಅನುಮಾನ. ಕಲ್ಯಾಣ ಮಂಟಪದ ಅಡುಗೆ ಭಟ್ಟರು ಒಂದು ದಿನ ಕಡ್ಡಿ ಮುರಿದಂತೆ ಹೇಳಿದರು: “ಸೋಮವಾರದ ಮದುವೆಗೂ ತಡಮಾಡಿದರೆ ನಮಗೆ ಬೇರೆ ಸೊಪ್ಪಿನವನಿದ್ದಾನೆ.”

ವ್ಯಾಪಾರಿಗೆ ಆ ಮಂಟಪವೇ ಅನ್ನ. ಎಲ್ಲಾ ಈ ಹಾಳು ಗಾಳಿಯಿಂದ ಎಂದು ಬೈದುಕೊಂಡು ಗಾಡಿಗಳಿಗೆ ಬಾಡಿ ಕಟ್ಟುವವನ ಶೆಡ್ಡಿಗೆ ಓಡಿದ. ಕ್ಯಾಬಿನ್ನಿನ ನೆತ್ತಿಗೆ ಗಾಳಿ ಜಾರಿಹೋಗುವಂಥ ಓರೆ ಟೋಪಿ ಕೂರಿಸಿಕೊಂಡ. ಚಕ್ರಗಳ ನಡುವೆ ತಗಡಿನ ಸೆರಗು ಇಳಿಬಿಡಿಸಿದ. ಅಷ್ಟಕ್ಕೆ ಸುಮ್ಮನಾದನೇ ಪುಣ್ಯಾತ್ಮ? ಸೊಪ್ಪು ತುಂಬುವ ಜಾಗಕ್ಕೂ ಇಳಿಜಾರಾದ ಫೈಬರ್ ಮುಚ್ಚಳ ಹಾಕಿಸಿ, ಸಂದುಗಳಿಗೆಲ್ಲ ರಬ್ಬರ್ ಪಟ್ಟಿ ಹೊಡೆಸಿದ. ಇರುವೆಯೂ ನುಸುಳಬಾರದು, ಅಂಥ ಬಂದೋಬಸ್ತು.

ಸೋಮವಾರ ಸುಡುಬಿಸಿಲು. ಗಾಡಿ ಬಯಲಿನಲ್ಲಿ ಸುಯ್ಯನೆ ಹೋಯಿತು. “ಈಗ ಬಾ, ನೋಡೇಬಿಡೋಣ!” ಎಂದು ವ್ಯಾಪಾರಿ ಕಿಟಕಿಯಿಂದ ಕೈ ಚಾಚಿ ಗಾಳಿಗೇ ಸವಾಲು ಹಾಕಿದ. ಭಟ್ಟರು ರಾತ್ರಿಯೂಟಕ್ಕೆ ಒಲೆ ಹಚ್ಚುವ ಮೊದಲೇ ಮಂಟಪದ ಹಿತ್ತಲಲ್ಲಿ ಗಾಡಿ ನಿಲ್ಲಿಸಿ, ಮೀಸೆ ತಿರುವಿ, ಮುಚ್ಚಳ ಎತ್ತಿದ.

ಹಬೆ ಮುಖಕ್ಕೆ ರಾಚಿತು. ಗಾಳಿಯಾಡದೆ ಒದ್ದೆ ಸೊಪ್ಪೆಲ್ಲ ಕಾದು, ಬಾಡಿ, ಮುದ್ದೆಯಾಗಿತ್ತು.

ಭಟ್ಟರು ಒಂದು ಕಟ್ಟು ಎತ್ತಿ ಮೂಸಿದರು. “ಬೇಯಿಸಿಯೇ ತಂದಿದ್ದೀಯಲ್ಲಪ್ಪ, ಒಗ್ಗರಣೆ ಯಾಕೆ ಬಿಟ್ಟೆ?”

“ಅಯ್ಯೋ ಭಟ್ಟರೇ, ದಿನಾ ಇದೇ ಸೊಪ್ಪು, ಇದೇ ದಾರಿ! ತಡವಾದಾಗಲೂ ಒಂದು ಎಲೆ ಬಾಡುತ್ತಿರಲಿಲ್ಲ. ಇವತ್ತು ಬೇಗ ಬೇರೆ ಬಂದಿದ್ದೇನೆ!” ವ್ಯಾಪಾರಿಗೆ ಅಳುವೇ ಬಂತು. ಭಟ್ಟರು ಆಗಲೇ ಬೇರೆ ಸೊಪ್ಪಿನವನಿಗೆ ಫೋನು ಮಾಡುತ್ತಿದ್ದರು.

ಕತೆ ಕೇಳಿ ಚೆನ್ನವೀರ ಬಿದ್ದು ಬಿದ್ದು ನಕ್ಕ. ನಗು ಮುಗಿಯುವವರೆಗೆ ಸ್ವಾಮಿಗಳು ಕಾದರು.

“ಗುರುಪಾದನನ್ನು ನಾಳೆಯೇ ಎಬ್ಬಿಸುತ್ತೇನೆ, ಆಮೇಲೆ ನೀನು ಬಾಡದಂತೆ ನೋಡಿಕೊಳ್ಳುವವರು ಯಾರು, ಅದನ್ನು ಹೇಳು.”