ಶೆಟ್ಟರನ್ನು ತಡೆಯುವ ಯಂತ್ರ

ಬೇವಿನಕಟ್ಟೆ ಮಠದ ಪೂಜ್ಯ ಶ್ರೀ ಪರ್ವತಯ್ಯ ಸ್ವಾಮಿಗಳವರನ್ನು ಕಾಣಲು ಹೊಸಬರು ಬಂದರೆ ಗದ್ದುಗೆಯ ಬಳಿ ಹುಡುಕಿ ಹುಡುಕಿ ಸುಸ್ತಾಗುತ್ತಿದ್ದರು. ಪೂಜ್ಯರು ಇರುತ್ತಿದ್ದುದು ಅಡುಗೆಮನೆಯ ಹಿಂದಿನ ಜಗುಲಿಯಲ್ಲಿ. ಅಂದೂ ಅಲ್ಲೇ ಕಾಲು ನೀಡಿ ಕುಳಿತು, ದಾಸೋಹದ ಸಾರಿಗೆಂದು ಅವರೆಕಾಯಿ ಸುಲಿಯುತ್ತಿದ್ದರು.

ಟೈಲರ್ ಗುರುಮಲ್ಲಪ್ಪ ಬಂದು ಅಡ್ಡಬಿದ್ದ. ಮನುಷ್ಯ ಒಳ್ಳೆಯವನೇ, ಕೈಕೆಲಸವಂತೂ ಅಚ್ಚುಕಟ್ಟು. ಆದರೆ ಹುಮ್ಮಸ್ಸಿಗೆ ಬಿದ್ದು, ಬಟ್ಟೆ ಅಂಗಡಿಯ ಮಾದಯ್ಯ ಶೆಟ್ಟರಲ್ಲಿ ಸಾಲ ಮಾಡಿ, ಎರಡನೇ ಹೊಲಿಗೆ ಮಿಷನ್ನು, ಗಾಜಿನ ಬೀರು ಎಲ್ಲ ತಂದಿಟ್ಟಿದ್ದ. ಅಷ್ಟರಲ್ಲಿ ಎದುರಿಗೇ ರೆಡಿಮೇಡ್ ಅಂಗಡಿ ಬಂತು. ಹೊಲಿಸುವವರು ಅರ್ಧಕ್ಕರ್ಧ ಕಡಿಮೆಯಾದರು. ಶೆಟ್ಟರು ದೂರದಲ್ಲಿ ಕಂಡರೆ ಸಾಕು, ಇವನು ಹಿತ್ತಿಲ ಬಾಗಿಲಿನಿಂದ ಪರಾರಿ! ಎರಡು ವರ್ಷ ಹೀಗೇ ಕಳೆಯಿತು. ಕೊನೆಗೆ ಶೆಟ್ಟರು ಬೀದಿಯಲ್ಲೇ ನಿಂತು, “ಬರೋ ಸೋಮವಾರ ಎರಡೂ ಮಿಷನ್ ಎತ್ತಿಸ್ತೀನಿ” ಎಂದು ಕೂಗಿ ಹೋದರು. ಎರಡೂ ಹೋದರೆ ಮನೆಯಲ್ಲಿ ಒಲೆ ಉರಿಯುವುದು ಹೇಗೆ? ಪಾಪ, ಮೂರು ದಿನದಿಂದ ಅವನಿಗೆ ಅನ್ನ ಸೇರಿರಲಿಲ್ಲ.

“ಬುದ್ಧಿ, ಶೆಟ್ರು ನಮ್ಮ ಹೊಸ್ತಿಲು ತುಳೀದಂಗೆ ಒಂದು ಯಂತ್ರ ಬರಕೊಡಿ” ಎಂದು ಕೈಮುಗಿದ.

ಪೂಜ್ಯರು ಅವನ ಮುಂದೂ ಒಂದು ಹಿಡಿ ಅವರೆಕಾಯಿ ಸುರಿದರು. “ಸುಲಿ. ನಿನ್ನ ಬಾಗಿಲ ಮೇಲೆ ಆಗಲೇ ಏನೋ ಬರೆದಿದ್ದೀಯಲ್ಲಪ್ಪಾ?”

“ಅದು ಮಾರಿಗೆ ಬುದ್ಧಿ. ‘ನಾಳೆ ಬಾ’ ಅಂತ ಬರೆದಿದೀನಿ. ಓದ್ಕೊಂಡು ಹಂಗೇ ಹೊರಟೋಗ್ಲಿ ಅಂತ.”

“ಶೆಟ್ಟರ ಕೈಗೆ ಸಿಕ್ಕಿಬಿದ್ದಾಗ ಏನಂತೀಯ?”

ಗುರುಮಲ್ಲಪ್ಪ ತಲೆ ತಗ್ಗಿಸಿದ. “ನಾಳೆ ಬನ್ನಿ ಅಂತೀನಿ, ಬುದ್ಧಿ.”

ಪೂಜ್ಯರು ನಕ್ಕರು ನೋಡಿ, ತೊಡೆಯ ಮೇಲಿದ್ದ ಕಾಳೆಲ್ಲ ಚೆಲ್ಲಾಪಿಲ್ಲಿಯಾಯಿತು. ಗುರುಮಲ್ಲಪ್ಪನಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದರು: “ನಂಬಿ ಸಾಲ ಕೊಟ್ಟೋನ್ನೂ ಮಾರಿ ಮಾಡ್ಬಿಟ್ಟಲ್ಲೋ, ಮಗಾ.”

ಅವನ ನಗು ಅಲ್ಲೇ ನಿಂತಿತು. ಆ ಮಾತು ಎದೆಗೆ ನಾಟಿತ್ತು.

“ಏಳು. ಅವರು ಬರೋಕೆ ಮುಂಚೆ ನೀನೇ ಹೋಗು. ಇರೋದನ್ನ ಇದೆ ಅನ್ನು, ಇಲ್ಲದ್ದನ್ನ ಇಲ್ಲ ಅನ್ನು.” ಅಷ್ಟೇ. ಯಂತ್ರವೂ ಇಲ್ಲ, ತಾಯಿತವೂ ಇಲ್ಲ.

ಗುರುಮಲ್ಲಪ್ಪ ಅಲ್ಲಿಂದಲೇ ಶೆಟ್ಟರ ಮನೆಗೆ ಹೋದ. “ಶೆಟ್ರೇ, ಈಗ ನನ್ನತ್ರ ದುಡ್ಡಿಲ್ಲ. ಹೊಸ ಮಿಷನ್ನೂ ಬೀರೂ ನೀವೇ ತಗೊಳ್ಳಿ. ಹಳೇದೊಂದು ಬಿಟ್ಟುಕೊಟ್ರೆ, ದುಡಿದು ಪ್ರತಿ ಸೋಮವಾರದ ಸಂತೆಗೂ ಆದಷ್ಟು ತಂದು ಕೊಡ್ತೀನಿ” ಎಂದ.

“ಇಷ್ಟು ಹೇಳೋಕೆ ಎರಡು ವರ್ಷ ಬೇಕಾಯ್ತೇನಯ್ಯಾ? ನಿನ್ನ ಮಿಷನ್ ತಗೊಂಡು ನಾನೇನು ಲಂಗ ಹೊಲೀಲಾ? ಹೊಸದನ್ನ ಮಾರಿ ದುಡ್ಡು ಕೊಡು, ಹಳೇದ್ರಲ್ಲಿ ದುಡಿ. ನನ್ನ ಕಂಡು ನೀನು ಓಡ್ತಿದ್ಯಲ್ಲ, ಅದಕ್ಕೆ ಕಣಯ್ಯಾ ಹೊಟ್ಟೆ ಉರೀತಿದ್ದುದು” ಎಂದ ಶೆಟ್ಟರು ಒಳಗೆ ಕೂಗಿ ಎಲೆ ಹಾಕಿಸಿದರು. ಗುರುಮಲ್ಲಪ್ಪ ಅಳುತ್ತಲೇ ಉಂಡ.

ಸಾಲ ತೀರಲು ನಾಲ್ಕು ವರ್ಷ ಹಿಡಿಯಿತು. ಒಂದು ಸೋಮವಾರವೂ ಅವನು ತಪ್ಪಿಸಲಿಲ್ಲ. ಸಂಪಾದನೆಯಿಲ್ಲದ ವಾರ ಬರಿಗೈಯಲ್ಲೇ ಹೋಗಿ, “ಈ ವಾರ ಏನೂ ಆಗ್ಲಿಲ್ಲ ಶೆಟ್ರೇ” ಎಂದು ಹೇಳಿ, ಕಾಫಿ ಕುಡಿದು ಬರುತ್ತಿದ್ದ.

ಮುಂದೊಂದು ದಿನ ಮಾದಯ್ಯ ಶೆಟ್ಟರು ಶಿವಾಧೀನರಾದರು. ಹೆಗಲು ಕೊಟ್ಟವರಲ್ಲಿ ಗುರುಮಲ್ಲಪ್ಪನೇ ಮೊದಲಿಗ. ಮಣ್ಣು ಮುಗಿಸಿ, ಮಿಂದು, ನೇರ ಮಠಕ್ಕೆ ಬಂದು ಪೂಜ್ಯರ ಪಾದದ ಬಳಿ ಕುಸಿದ. “ಸಾಲ ತೀರಿಸಿದ್ದೆ ಬುದ್ಧಿ. ಋಣ ತೀರ್ಲಿಲ್ಲ” ಎಂದು ಮಗುವಿನಂತೆ ಬಿಕ್ಕಿದ.

ಪೂಜ್ಯರ ಕಣ್ಣುಗಳೂ ಒದ್ದೆಯಾದವು. ಅವನ ತಲೆ ನೇವರಿಸಿ, “ಅದು ತೀರೋದು ಬೇಡ, ಮಗಾ. ಇಟ್ಕೊ” ಎಂದರು.