ಆನೆಲಾಯದ ಪಕ್ಕದ ಕುದುರೆಮರಿ

"ಗುರುಗಳೇ, ಬೊಕ್ಕಸ ಬರಿದಾಗುತ್ತಿದೆ. ಆನೆ, ಕುದುರೆ, ಕಾಲಾಳು, ಇವುಗಳಲ್ಲಿ ಯಾವುದನ್ನು ಕಡಿಮೆ ಮಾಡಲಿ? ನಾಳೆ ಅರಸರಿಗೆ ಉತ್ತರ ಹೇಳಬೇಕು. ತಪ್ಪಿದರೆ ನಾಡು ಉಳಿಯದು," ಎಂದು ಹೊಸದಾಗಿ ಮಂತ್ರಿಯಾಗಿದ್ದ ಶಿಷ್ಯ ಮಾಚರಸ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ದಂಡನಾಯಕನಿದ್ದ. ಅವನ ನಾಡಿನಲ್ಲಿ ಒಂದು ಪದ್ಧತಿ. ಕುದುರೆ ಮರಿ ಹಾಕಿದರೆ ತಾಯಿಯನ್ನೂ ಮರಿಯನ್ನೂ ಆನೆಲಾಯದ ಪಕ್ಕದಲ್ಲೇ ಕಟ್ಟಬೇಕು. ಆನೆಯ ವಾಸನೆಯಲ್ಲಿ, ಅದರ ಘೀಳು ಕೇಳುತ್ತ ಬೆಳೆದ ಕುದುರೆ ಮಾತ್ರ ಯುದ್ಧದಲ್ಲಿ ಆನೆಯ ಪಕ್ಕ ನಿಂತೀತು. ಕಾಲಾಳುಗಳೂ ಅಲ್ಲೇ ಬೀಡುಬಿಟ್ಟು, ದಿನವೂ ಅವುಗಳ ನಡುವೆ ನಡೆದು ಕಲಿಯುತ್ತಿದ್ದರು. ಮೂರೂ ಒಟ್ಟಿಗೆ ಹೆಜ್ಜೆಯಿಟ್ಟರೆ ದಂಡನಾಯಕನ ಮೈ ಜುಮ್ಮೆನ್ನುತ್ತಿತ್ತು. ಇಷ್ಟು ಜೀವಗಳಿಗೆ ಒಂದೇ ಉಸಿರು ಹೇಗೆ ಬಂತು ಎಂದು ಪ್ರತಿಸಲವೂ ಬೆರಗಾಗುತ್ತಿದ್ದ.

ಆದರೆ ಅಷ್ಟನ್ನೂ ಒಂದೇ ಕಡೆ ಸಾಕುವುದೆಂದರೆ ಹುಡುಗಾಟವೇ? ಗಾಡಿಗಟ್ಟಲೆ ಮೇವು ದೂರದಿಂದ ಬರಬೇಕು. ಒಂದು ವರ್ಷ ಕಂದಾಯ ಸೊರಗಿತು. ಒಂದು ಆನೆ ಕಡಿಮೆಯಾದರೂ ನೆರೆಯವರು ನಕ್ಕಾರು ಎಂದು ಆ ನಾಡಿನ ಅರಸನಿಗೆ ಅಳುಕು. ಹಾಗಾಗಿ ಮೇವು ಇರುವ ಕಡೆಗೇ ಅವನ್ನು ಕಳುಹಿಸಿದ: ಆನೆಗಳನ್ನು ಕಾಡಿನಂಚಿಗೆ, ಕುದುರೆಗಳನ್ನು ಹುಲ್ಲುಗಾವಲಿಗೆ. ಕಾಲಾಳುಗಳು ಕೋಟೆಯಲ್ಲೇ ಉಳಿದರು. ಖರ್ಚು ಇಳಿಯಿತು, ಒಂದು ತಲೆಯೂ ಕಡಿಮೆಯಾಗಲಿಲ್ಲ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ಅರಸ ಹಿಗ್ಗಿದ. ದಂಡನಾಯಕನಿಗೆ ಮಾತ್ರ ಸಂಕಟವಾಯಿತು.

ವರ್ಷಗಳು ಉರುಳಿದವು. ಹಳೆಯ ಕುದುರೆಗಳು ಮುದಿಯಾದವು, ಹುಲ್ಲುಗಾವಲಿನಲ್ಲಿ ಹುಟ್ಟಿದವು ಅವುಗಳ ಜಾಗಕ್ಕೆ ಬಂದವು. ಆಗ ನೆರೆಯ ಪಾಳೆಯಗಾರ ದಂಡೆತ್ತಿ ಬಂದ. ರಣದಲ್ಲಿ ಆನೆಯೊಂದು ಘೀಳಿಟ್ಟಿತು. ಅದು ತಮ್ಮದೇ ಆನೆ. ಆದರೂ ಕುದುರೆಗಳು ಬೆದರಿ ಹಿಂದಕ್ಕೆ ತಿರುಗಿದವು, ತಮ್ಮದೇ ಕಾಲಾಳುಗಳನ್ನು ತುಳಿದು ಓಡಿದವು. ಎದುರಿಗೆ ಪಾಳೆಯಗಾರನ ಸಣ್ಣ ದಂಡು ಬರುತ್ತಿತ್ತು. ಬೆರಳೆಣಿಕೆಯ ಆನೆಗಳು, ಅವುಗಳ ಮಗ್ಗುಲಲ್ಲೇ ಕಿವಿಯನ್ನೂ ಅಲುಗಿಸದ ಕುದುರೆಗಳು, ನಡುವೆ ಕಾಲಾಳುಗಳು. ಅದೇ ಒಂದೇ ಉಸಿರು. ಸೋಲು ಎದುರಿಗೇ ಇದ್ದರೂ ದಂಡನಾಯಕ ಕಣ್ಣು ಕೀಳದೆ ನೋಡಿದ.

ಸೆರೆಸಿಕ್ಕ ಮೇಲೆ ಅವನು ಕೇಳಿದ: "ನಿಮ್ಮ ಬೊಕ್ಕಸ ನಮ್ಮದಕ್ಕಿಂತ ಚಿಕ್ಕದು. ಇದನ್ನು ಹೇಗೆ ಉಳಿಸಿಕೊಂಡಿರಿ?"

"ಅರ್ಧ ಆನೆಗಳನ್ನು ಮಾರಿದೆ," ಎಂದ ಪಾಳೆಯಗಾರ. "ಉಳಿದವುಗಳ ಪಕ್ಕ ಕುದುರೆ ಕಟ್ಟುವುದನ್ನು ಬಿಡಲಿಲ್ಲ."

ಕತೆ ಮುಗಿಯಿತು. ಮಾಚರಸನ ಮುಖ ಅರಳಿತು. "ತಿಳಿಯಿತು ಗುರುಗಳೇ. ನಾಳೆಯೇ ಅರ್ಧ ಆನೆಗಳನ್ನು ಮಾರಿಸುತ್ತೇನೆ."

"ಆನೆ ಹಾಗಿರಲಿ ಮಾಚರಸಾ, ನಿಮ್ಮಲ್ಲಿ ಕುದುರೆಮರಿಗಳನ್ನು ಎಲ್ಲಿ ಕಟ್ಟುತ್ತಾರೆ?"

ಮಾಚರಸನಿಗೆ ಅದು ಗೊತ್ತಿರಲಿಲ್ಲ.